ತಕ್ಕಡಿಗಿಂತ ಮೊದಲು ಹಪ್ಪಳ

ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದ ಮರುವರ್ಷ ನಾನು ಔರಾದಿನ ಶಾಲೆಗೆ ವಿಜ್ಞಾನದ ಮಾಸ್ತರನಾಗಿ ಸೇರಿದೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಬಿ.ಎಸ್ಸಿ. ಇರಲಿ, ಶಾಲೆಯ ಮೆಟ್ಟಿಲು ಹತ್ತಿದವರೇ ಇರಲಿಲ್ಲ. ಅದರ ಹೆಮ್ಮೆ ನನಗಿತ್ತು, ಈಗಲೂ ಇದೆ. ಶಾಲೆಗೆಂದು ಹೈದರಾಬಾದಿನಿಂದ ರಸಾಯನ ಪ್ರಯೋಗದ ಒಂದು ತಕ್ಕಡಿ ರೈಲಿನಲ್ಲಿ ಭಾಲ್ಕಿಗೆ ಬಂದಿತ್ತು. ಗಾಜಿನ ಗೂಡಿನೊಳಗೆ ಕೂದಲೆಳೆಯ ಭಾರಕ್ಕೂ ಅಲುಗುವ ವಸ್ತು. ಭಾಲ್ಕಿಯಿಂದ ಔರಾದಿಗೆ ಎತ್ತಿನ ಬಂಡಿಯೇ ಗತಿ. ನಾನು ಅದನ್ನು ತರಲು ಹೊರಟಾಗ ಹೆಡ್ ಮಾಸ್ತರರು ಹೇಳಿದ್ದರು: "ಅದು ಒಡದ್ರ ಈ ವರ್ಷ ವಿಜ್ಞಾನದ ಕ್ಲಾಸ್ ಬಂದ್ ನೋಡ್ರಿ."

ಹಾಗಾಗಿ ಮೊದಲು ಬೇರೇನಾದರೂ ಸಾಗಿಸಿ ನೋಡಬೇಕೆನಿಸಿತು. ತೊಗರಿ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಗಾಜಿನ ಬಳೆಗಳನ್ನಿಟ್ಟು ಅದೇ ಹಾದಿಯಲ್ಲಿನ ಭಾತಂಬ್ರಾ ಊರಿಗೆ ಹೋಗಿಬರುವುದು. ಬಳೆ ಉಳಿದರೆ ತಕ್ಕಡಿಯೂ ಉಳಿದೀತು. ಭಾಲ್ಕಿಯಲ್ಲಿ ನಾನು ಗೊತ್ತುಮಾಡಿದ್ದ ಬಂಡಿಯವನ ಹೆಂಡತಿ ಅದನ್ನು ಕಂಡು ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಮಾಸ್ತರ್ರ, ಬಳಿ ಬ್ಯಾಡ್ರಿ. ಹ್ವಾದ ವರ್ಷ ಈ ಓಣ್ಯಾಗ ಎಷ್ಟ್ ಮಂದಿ ಕೈ ಬರಿದಾದವು, ನಿಮಗ ಗೊತ್ತಿಲ್ಲೇನ್ರಿ? ಒಡೀತಾವೋ ಇಲ್ಲೋ ನೋಡಾಕಂತ ಬಳಿ ಹೇರಿದ ಬಂಡಿ ಅವರ ಮನಿ ಮುಂದ ಹಾಯೂದು ಬ್ಯಾಡ."

ಆ ಓಣಿಯಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಹಿಂದಿನ ವರ್ಷದ ಗಲಭೆಯಲ್ಲಿ ಗಂಡಸರು ಮರಳಿ ಬಾರದ ಮನೆಗಳು ಇಬ್ಬರಲ್ಲೂ ಇದ್ದವು. ನಾನು ಗಾಜನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ. ಬಳೆಗಳನ್ನು ಹೊರತೆಗೆದೆ. ಆಕೆ ಒಳಗಿನಿಂದ ಉದ್ದಿನ ಹಪ್ಪಳ ತಂದಳು.

"ಇವು ಒಡದ್ರ ಯಾರಿಗೂ ಏನಾಗಂಗಿಲ್ರಿ. ಕರದು ತಿಂದ್ರಾತು."

ಗಂಡ ನೊಗ ಹೂಡುತ್ತಲೇ ನಕ್ಕ. "ಇಷ್ಟ್ ಓದಿ ಹಪ್ಪಳ ಕಾಯೂ ನೌಕರಿ ಹತ್ತಿತಲ್ರೀ ನಿಮಗ."

ಮೊದಲ ಸಲ ಹಪ್ಪಳ ನುಚ್ಚಾಗಿ ಬಂತು. ಬಂಡಿ ಕುಲುಕಿದಂತೆ ಹೊಟ್ಟು ಕೆಳಗಿಳಿದು, ಪೆಟ್ಟಿಗೆಯ ಮೇಲ್ಭಾಗ ಟೊಳ್ಳಾಗಿತ್ತು. ಮರುದಿನ ಹಳೆಯ ಧೋತರದ ತುಂಡುಗಳಲ್ಲಿ ಹಪ್ಪಳ ಸುತ್ತಿ, ಮೊಣಕಾಲೂರಿ ಮುಚ್ಚಳ ಒತ್ತಬೇಕಾಗುವಷ್ಟು ಹೊಟ್ಟು ಗಿಡಿದೆ. ಬಂಡಿಯ ಎರಡೂ ಬದಿಗೆ ಹಗ್ಗ ಬಿಗಿದು, ಪೆಟ್ಟಿಗೆಯನ್ನು ತೊಟ್ಟಿಲಿನಂತೆ ತೂಗುಹಾಕಿದೆ. ಈ ಸಲ ಅಂಚು ಮುಕ್ಕಾದದ್ದು ಬಿಟ್ಟರೆ ಹಪ್ಪಳ ಇಡಿಯಾಗಿದ್ದವು.

ತಕ್ಕಡಿಯನ್ನೂ ಹಾಗೆಯೇ ಕಟ್ಟಿ ಹೊರಟೆವು. ಮಾಂಜ್ರಾ ಹೊಳೆ ದಾಟುವಾಗ ಗಾಲಿಯೊಂದು ಬಂಡೆಯ ಮೇಲಿಂದ ಧಡಕ್ಕನೆ ಇಳಿಯಿತು. ಪೆಟ್ಟಿಗೆ ಜೋರಾಗಿ ತೂಗಾಡಿತು. ಬಿಚ್ಚಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಔರಾದಿನಲ್ಲಿ ಹೆಡ್ ಮಾಸ್ತರರ ಎದುರೇ ಬಿಚ್ಚಿದೆ. ಗಾಜು ನೆಟ್ಟಗಿತ್ತು. ಆದರೆ ಗಾಜು ಉಳಿದರಷ್ಟೇ ಸಾಲದು, ಮುಳ್ಳು ನಡುವೆ ನಿಲ್ಲಬೇಕು. ದಂಡವನ್ನು ಕೂರಿಸಿ, ತಟ್ಟೆ ತೂಗುಹಾಕಿ, ದಂಡವನ್ನು ಆಡಲು ಬಿಡುವ ಕೀಲಿ ತಿರುವಿದೆ. ಮುಳ್ಳು ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಹಾಗೇ ನಿಧಾನವಾಗುತ್ತ ನಟ್ಟನಡುವಿನ ಗೆರೆಯ ಮೇಲೆ ನಿಂತಿತು.

ಹೆಡ್ ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ಬಗ್ಗಿ ನೋಡಿದರು.

"ನಾಳಿ ಮೊದಲ್ನೇ ತಾಸು ನಿಮ್ದ ಇಟ್ಕೋರಿ," ಎಂದರು.