ಅವ್ವ ಮನೆ ಹುಡುಕಿದ ರೀತಿ

ಹೊಳೆನರಸೀಪುರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಸಿಕ್ಕಾಗ ನಾನೂ ಅವ್ವನೂ ಅರಕಲಗೂಡಿನ ಹತ್ತಿರದ ನಮ್ಮೂರಲ್ಲೇ ಇದ್ದೆವು. ಮಳೆಗಾಲ ಮುಗಿಯುವವರೆಗೂ ಬಸ್ಸಲ್ಲೇ ಓಡಾಡಿದೆ. ಬೆಳಗಿನ ಬಸ್ಸು ತಪ್ಪಿದರೆ, ರಕ್ತ ಕೊಡಲು ಖಾಲಿ ಹೊಟ್ಟೆಯಲ್ಲಿ ಬಂದವರು ಲ್ಯಾಬಿನ ಬಾಗಿಲಲ್ಲಿ ಕಾಯುತ್ತಾ ಕೂತಿರುತ್ತಿದ್ದರು. ಅವ್ವನೇ ಒಂದು ದಿನ ಅಂದಳು, "ಹಸ್ಕಂಡೋರ ಶಾಪ ಯಾಕ್ ಕಟ್ಕತೀಯ? ಅಲ್ಲೇ ಒಂದು ಮನೆ ಮಾಡಾನ."

ಮನೆಗಳಿಗೇನೂ ಬರವಿರಲಿಲ್ಲ. ಹೊಸ ಬಡಾವಣೆಯಲ್ಲಿ ಎಷ್ಟೋ ಗೇಟುಗಳಿಗೆ 'ಮನೆ ಬಾಡಿಗೆಗೆ ಇದೆ' ಅನ್ನುವ ಬೋರ್ಡು. ನಗುತ್ತಲೇ ಒಳಗೆ ಕರೆದು ರೂಮು, ಅಡುಗೆಮನೆ, ಬಚ್ಚಲು ಎಲ್ಲಾ ತೋರಿಸುತ್ತಿದ್ದರು. ನೀರು ಯಾವಾಗ ಬರುತ್ತದೆ, ಬಟ್ಟೆ ಎಲ್ಲಿ ಒಣಹಾಕಬೇಕು ಅನ್ನುವುದೂ ಆಗುತ್ತಿತ್ತು. ಇನ್ನೇನು ಚಪ್ಪಲಿ ಮೆಟ್ಟಬೇಕು ಅನ್ನುವಾಗ, "ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?" ಅನ್ನುವರು. ಎಸ್ಸಿ ಅಂದೆನೋ, ಆ ಮನೆಗೆ ಯಾರೋ ನೆಂಟರು ಆಗಲೇ ಹೇಳಿಟ್ಟಿರುತ್ತಿದ್ದರು. ಒಬ್ಬಾಕೆ, ಪಾಪ, ನನ್ನ ಮುಖ ನೋಡಲಾರದೆ ಎರಡು ಬಾಳೆಹಣ್ಣು ಕೈಗಿಟ್ಟು ಕಳಿಸಿದಳು. ಅವನ್ನು ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಬಸ್ಸಿನಲ್ಲಿ ಪಕ್ಕದ ಮಗುವಿಗೆ ಕೊಟ್ಟೆ.

"ಬೇರೆ ಏನಾದ್ರೂ ಹೇಳ್ಬಿಡಿ ಮೇಡಂ, ಯಾರು ಸರ್ಟಿಫಿಕೇಟ್ ಕೇಳ್ತಾರೆ?" ಅಂದರು ಜೊತೆಯಲ್ಲಿ ಕೆಲಸ ಮಾಡುವವರು. ಅದನ್ನು ಅವ್ವನಿಗೆ ಹೇಳಿದೆ.

"ಸುಳ್ಳೇಳಿ ಒಳಕ್ಕೋದ್ರೆ ದಿನಾ ಆ ಸುಳ್ಳನ್ನ ಕಾಯ್ಬೇಕು. ನೆಂಟ್ರು ಬಂದ್ರೆ ಅವ್ರಿಗೂ ಕಲಿಸ್ಬೇಕು. ನಂಗಾಗಾಕಿಲ್ಲ. ಈ ಸಲ ನಾನೇ ಬತ್ತೀನಿ ನಡಿ."

ತೆಂಗಿನಕಾಯಿ ಮಂಡಿಯ ಹಿಂದಿನ ಬೀದಿಯಲ್ಲಿ ಒಂದು ಮನೆ ಇತ್ತು. ಮೇಲೆ ವಯಸ್ಸಾದ ಗಂಡಹೆಂಡತಿ, ಕೆಳಗಿನ ಮನೆ ಖಾಲಿ. ಹಳೇಕೋಟೆ ಕಡೆ ಗದ್ದೆ ಇದ್ದ ಒಕ್ಕಲುತನದ ಮನೆಯವರು. ಹೆಂಡತಿ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಯಜಮಾನರು ಬೀಗಕ್ಕೆ ಕೀಲಿ ಹಾಕುವ ಮೊದಲೇ ಅವ್ವ ತಡೆದಳು.

"ಅಣ್ಣಾ, ನಾವು ಎಸ್ಸಿ. ಆಗಾಕಿಲ್ಲ ಅನ್ನಂಗಿದ್ರೆ ಈಗ್ಲೇ ಅಂದ್ಬುಡು. ಮನೆಯೆಲ್ಲಾ ಸುತ್ತಿಸಿ ಆಮೇಲೆ ಅನ್ಬೇಡ. ನನ್ನ ಮಂಡಿ ಕೇಳಾಕಿಲ್ಲ."

ಅವರು ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಮಾಡುತ್ತಾ ಹೆಂಡತಿಯ ಕಡೆ ತಿರುಗಿದರು. ಆಕೆ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, "ನಿಮ್ಗೂ ಮಂಡೀನಾ? ಎಡಗಾಲೋ ಬಲಗಾಲೋ?" ಅಂದರು. ಅಲ್ಲಿಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತು, ಯಾವ ಎಣ್ಣೆ, ಯಾವ ಸೊಪ್ಪು ಅಂತ ಶುರುಮಾಡಿದರು. ಯಜಮಾನರು ನನ್ನೊಬ್ಬಳಿಗೇ ಮನೆ ತೋರಿಸಿದರು. ಮುಂದಿನ ವಾರಕ್ಕೆ ಕರಾರು ಪತ್ರ ಮಾಡಿಸುವುದು ಅಂತಾಯಿತು.

ಊರಲ್ಲಿ ಅವ್ವ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಯಜಮಾನರ ಫೋನು ಬಂತು.

"ಮೇಡಂ, ಪಕ್ಕದ ಮನೇಲಿ ನನ್ನ ತಮ್ಮ ಅವ್ನೆ. ಇಬ್ರಿಗೂ ಒಂದೇ ಬೋರು. ಆ ನೀರು ನಿಮ್ಗೆ ಬಿಡಾಕಿಲ್ಲ ಅಂತ ಕೂತವ್ನೆ. ನಾನೇನ್ ಮಾಡ್ಲಿ, ಯೋಳಿ."

"ಸರಿ ಬಿಡಿ" ಅಂದೆ. ಅವ್ವ ತುಂಬಿದ್ದ ಪಾತ್ರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಗೂಡಿಗೆ ಜೋಡಿಸಿದಳು. ನೆಂಟರ ನೆಪ ಹೇಳಿ ಕಳಿಸಿದವರ ಮೇಲೆ ಬಾರದ ಸಿಟ್ಟು ನನಗೆ ಈ ಯಜಮಾನರ ಮೇಲೆ ಬಂತು.

ಕೆಲವು ದಿನಗಳಾದ ಮೇಲೆ ಗಂಡಹೆಂಡತಿ ಇಬ್ಬರೂ ಲ್ಯಾಬಿಗೆ ಬಂದರು. ಆಕೆಗೆ ಶುಗರ್ ಪರೀಕ್ಷೆ. ತೋಳು ಚಾಚಿ ಕೂತರು. ರಕ್ತ ತೆಗೆದು ಹತ್ತಿ ಒತ್ತಿ ಹಿಡಿದಿದ್ದೆ, ಆಗ ಅಂದರು, "ಆ ಬೋರ್ ನೀರು ನಮ್ಗೂ ಬ್ಯಾಡ ಅಂತ ಅಂದ್ಬುಟ್ಟೆ ಕಣವ್ವ. ಪುರಸಭೆ ನಲ್ಲಿ ಐತಲ್ಲ, ನಾಲ್ಕು ಜನ ಅದ್ರಲ್ಲೇ ಆಕಂಡು ಓಗಾನ. ಬಂದು ಆಲು ಉಕ್ಸಿ."

ಯಜಮಾನರು ಗೋಡೆ ನೋಡುತ್ತಾ ನಿಂತಿದ್ದರು. "ನನ್ಗೆ ಧೈರ್ಯ ಸಾಲ್ದು ಮೇಡಂ. ಇವ್ಳೇ ತಮ್ಮನತ್ರ ಮಾತಾಡಿದ್ದು" ಅಂದರು.

ಹಾಗೆ ಆ ಮನೆಗೆ ಹೋದೆವು. ಪುರಸಭೆಯ ನೀರು ದಿನ ಬಿಟ್ಟು ದಿನ, ಸಣ್ಣಗೆ ಬರುತ್ತಿತ್ತು. ಬಂದಾಗ ನಾಲ್ವರೂ ಡ್ರಮ್ಮು, ಬಿಂದಿಗೆ ಹಿಡಿದು ನಿಲ್ಲುತ್ತಿದ್ದೆವು. ಯಜಮಾನರು ಮೇಲಕ್ಕೆ ನೀರು ಹೊತ್ತು ಏದುಸಿರು ಬಿಡುವಾಗ, ನಮ್ಮಿಂದಲ್ಲವೇ ಇವರಿಗೆ ಈ ಕಷ್ಟ ಅನ್ನಿಸುತ್ತಿತ್ತು. ಅದನ್ನು ಒಮ್ಮೆ ಅಂದೂಬಿಟ್ಟೆ. ಅವರ ಹೆಂಡತಿ ತಲೆಯಾಡಿಸಿದರು.

"ನಿಮ್ಮಿಂದ ಅಲ್ಲ. ನಂಗೆ ಮಕ್ಕಳಾಗ್ಲಿಲ್ಲ ಅಂತ ಈ ಮನೇಲಿ ಒಂದು ತೊಟ್ಲು ಶಾಸ್ತ್ರಕ್ಕೂ ಮುಂದೆ ನಿಲ್ಲಿಸ್ನಿಲ್ಲ. ದೂರ ಇಡೋದು ಅಂದ್ರೇನು ಅಂತ ನಂಗೊತ್ತಿಲ್ವಾ?"

ಅವ್ವ ಒಳಗೆ ಬಂದ ಮೇಲೆ ಅಂದಳು, "ಅವ್ಳ ನೋವು ಬ್ಯಾರೆ, ನಮ್ದು ಬ್ಯಾರೆ. ಆದ್ರೂ ಅರ್ಧ ದಾರಿ ಬಂದವ್ಳೆ, ಪುಣ್ಯಾತ್ಗಿತ್ತಿ."

ನಾವು ಅಲ್ಲೇ ಇದ್ದೇವೆ. ಕರಾರು ಮುಗಿದಾಗಲೆಲ್ಲ ಹೊಸದು ಮಾಡಿಸುತ್ತೇವೆ. ಯಜಮಾನರ ತಮ್ಮ ಇವತ್ತಿಗೂ ನಮ್ಮ ಜೊತೆ ಮಾತಾಡುವುದಿಲ್ಲ.

ಹೋದ ವರ್ಷ ನಮ್ಮ ಆಸ್ಪತ್ರೆಗೆ ಚನ್ನರಾಯಪಟ್ಟಣ ಕಡೆಯಿಂದ ಒಬ್ಬಳು ನರ್ಸ್ ಬಂದಳು, ನಮ್ಮವಳೇ. ಅವಳಿಗೂ ಮನೆ ಬೇಕಿತ್ತು. "ನನ್ ಜೊತೆ ಕಳ್ಸು, ಈ ಊರಲ್ಲಿ ನನ್ನ ಮಾತು ಯಾರೂ ತೆಗೆದಾಕಾಕಿಲ್ಲ" ಅಂತ ನಮ್ಮ ಓನರಮ್ಮ ಒಳ್ಳೆ ಸೀರೆ ಉಟ್ಟು ಹೊರಟರು. ಮಧ್ಯಾಹ್ನ ಇಬ್ಬರೂ ವಾಪಸ್ಸು ಬಂದರು. ಆ ಹುಡುಗಿಯ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ, ಅವಳಿಗೆ ಅದು ರೂಢಿ. ಓನರಮ್ಮ ಮಾತ್ರ ಮೆಟ್ಟಿಲ ಮೇಲೆ ಕುಸಿದು ಕೂತರು.

"ನಾನು ಪಕ್ಕದಲ್ಲೇ ನಿಂತಿದ್ರೂ ಅಂಗೇ ಅಂದ್ರಲ್ಲವ್ವ. ನಮ್ಮ ನೆಂಟ್ರ ಮನೇಲೇ."

ಅವ್ವ ಒಳಗಿಂದ ಮಜ್ಜಿಗೆ ತಂದು ಕೈಗೆ ಕೊಟ್ಟಳು. ಆಕೆ ಕುಡಿಯುವುದನ್ನೇ ನೋಡುತ್ತಾ ಪಕ್ಕದಲ್ಲಿ ಕೂತು, "ಕುಡಿ, ಸುಧಾರಿಸ್ಕೋ. ನಾಳೆ ಹಾಸನ ರೋಡ್ ಕಡೆ ನೋಡಾನ. ನಾನೂ ಬತ್ತೀನಿ" ಅಂದಳು.

ಮೂವರೂ ಅಲೆದರು. ತಿಂಗಳು ಕಳೆಯುವಷ್ಟರಲ್ಲಿ ಆ ಹುಡುಗಿಗೂ ಒಂದು ಮನೆ ಸಿಕ್ಕಿತು.