ಕುಂಬ್ರದಲ್ಲಿ ಇಳಿಯುತ್ತಿದ್ದ ಅಕ್ಕ

ಕಳೆದ ತಿಂಗಳು ಆಸ್ಪತ್ರೆಗೆ ಒಯ್ಯುವ ಚೀಲವನ್ನು ಒಗೆಯಲೆಂದು ಕೊಡವಿದಾಗ ಅಡಿಯಿಂದ ಒಂದು ಇಯರ್‌ಫೋನ್ ಬಿತ್ತು. ಅದರ ಒಂದು ಕಡೆಯ ವಯರಿಗೆ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಸುತ್ತಿತ್ತು. ಬಿಳಿ ಹೋಗಿ ಕಂದಾಗಿದೆ, ಅಂಟು ಬಿಟ್ಟಿದೆ. ಸುತ್ತಿದವರು ಕುಂಬ್ರದ ಅಕ್ಕ. ಎರಡು ವರ್ಷದಿಂದ ನಾನು ಅವರ ನೆನಪಿಗೆ ಬೆನ್ನು ಹಾಕಿಯೇ ಇದ್ದೆ...

ಅತ್ತೆಯ ಕಿಡ್ನಿ ಕೈಕೊಟ್ಟ ಮೇಲೆ ನನ್ನ ಪಾಲಿಗೆ ವಾರವೆಂದರೆ ಸೋಮವಾರ ಮತ್ತು ಗುರುವಾರ ಮಾತ್ರ. ಸುಳ್ಯದಲ್ಲಿ ಡಯಾಲಿಸಿಸ್‌ಗೆ ಪಾಳಿ ಸಿಕ್ಕಿರಲಿಲ್ಲ, ಹಾಗಾಗಿ ಪುತ್ತೂರು. ನಮ್ಮೂರು ಮರ್ಕಂಜದಿಂದ ಸುಳ್ಯದವರೆಗೆ ಗಂಡನ ಜೀಪು, ಅಲ್ಲಿಂದ ಬಸ್ಸು. ಅತ್ತೆಯನ್ನು ಒಳಗೆ ಮಲಗಿಸಿ ಬಂದರೆ ನಾಲ್ಕು ಗಂಟೆ ಹೊರಗಿನ ಕಬ್ಬಿಣದ ಬೆಂಚು. ಅದೇ ಬೆಂಚಿನಲ್ಲಿ ಕುಂಬ್ರದ ಅಕ್ಕ ಕೂರುತ್ತಿದ್ದರು. ನಮ್ಮ ಬಸ್ಸಿನ ದಾರಿಯಲ್ಲೇ ಸಿಗುವ ಕುಂಬ್ರದಲ್ಲಿ ಇಳಿಯುವವರು, ಹಾಗಾಗಿ ನಾನು ಅವರನ್ನು ಹಾಗೆ ಕರೆಯುತ್ತಿದ್ದದ್ದು. ಒಳಗೆ ಅವರ ಯಜಮಾನರು. ಹೊಲಿಗೆಯ ಕೆಲಸ ಮಾಡುತ್ತಿದ್ದವರು, ನನ್ನ ಅತ್ತೆಗಿಂತ ಮೂರು ವರ್ಷ ಮೊದಲೇ ಆ ಮಿಷನ್ನಿಗೆ ಸಿಕ್ಕಿಕೊಂಡವರು.

ಮೊದಲ ದಿನಗಳಲ್ಲಿ ನಾನು ಗೋಡೆ ನೋಡುತ್ತ ಕೂತಿರುತ್ತಿದ್ದೆ. ಒಂದು ದಿನ ಅಕ್ಕ ಇಯರ್‌ಫೋನಿನ ಒಂದು ಬದಿಯನ್ನು ನನ್ನ ಕೈಗಿಟ್ಟರು.

"ಗೋಡೆಯಲ್ಲಿ ಎಂತ ಉಂಟು? ಇದನ್ನು ನೋಡು ಮಾರಾಯ್ತಿ."

ಅವರ ಮೊಬೈಲಿನಲ್ಲಿ ಓಡುತ್ತಿದ್ದದ್ದು ಎಲ್ಲಿಂದಲೋ ಡಬ್ ಆಗಿ ಬಂದ ಒಂದು ಧಾರಾವಾಹಿ. ಬೆಟ್ಟದೂರಿನ ಹಳೆಯ ಲಾಡ್ಜು. ಅಲ್ಲಿ ಸತ್ತ ಹುಡುಗಿಯೊಬ್ಬಳ ಪ್ರೇತ, ರಕ್ತ ಕುಡಿದು ಬದುಕುವ ಒಬ್ಬ ಡಾಕ್ಟರು, ಹುಣ್ಣಿಮೆ ಬಂದರೆ ತೋಳವಾಗುವ ಅಡುಗೆಯವ. ನನಗೆ ನಗು ಬಂತು. ಎರಡು ವಾರದಲ್ಲಿ ನಗು ಹೋಯಿತು; ಸೋಮವಾರ ಮುಗಿದರೆ ಗುರುವಾರ ಯಾವಾಗ ಬರುತ್ತದೆಂದು ಕಾಯುವ ಹಾಗಾಯಿತು. ಡಯಾಲಿಸಿಸ್ ದಿನಕ್ಕಾಗಿ ಕಾಯುವವರು ಲೋಕದಲ್ಲಿ ನಾವಿಬ್ಬರೇ ಇದ್ದಿರಬೇಕು.

ಅದರ ಅಭಿಮಾನಿಗಳ ಒಂದು ವಾಟ್ಸಾಪ್ ಗುಂಪಿತ್ತು. ಅಕ್ಕ ನನ್ನನ್ನೂ ಸೇರಿಸಿದರು. ಬೇರೆ ಬೇರೆ ಊರಿನವರು ಅಲ್ಲಿ ದಿನವಿಡೀ ವಾದಿಸುತ್ತಿದ್ದರು. ಘಟ್ಟದ ಮೇಲಿನ ಒಬ್ಬರು ಆ ಹುಡುಗಿಯನ್ನು ಭೂತ ಎಂದು ಬರೆದದ್ದಕ್ಕೆ ಅಕ್ಕ ಬೆಂಚಿನಿಂದಲೇ ಧ್ವನಿ ಸಂದೇಶ ಕಳಿಸಿದ್ದರು: "ಭೂತ ಅಂದ್ರೆ ನಮ್ಮಲ್ಲಿ ದೈವ, ಕೈ ಮುಗಿಯುದು ಮಾರಾಯ್ರೆ. ಇವಳು ಕುಲೆ. ಸತ್ತ ಮೇಲೂ ಹೋಗ್ಲಿಕ್ಕೆ ಆಗದವಳು." ಧಾರಾವಾಹಿಯ ಆ ಡಾಕ್ಟರನ ಬಗ್ಗೆ ನನ್ನೊಡನೆ ಮಾತ್ರ ಹೇಳುತ್ತಿದ್ದರು: "ಒಳಗಿರುವ ಮಿಷನ್ ನಮ್ಮವರ ರಕ್ತ ಕುಡಿದು ತೊಳೆದು ವಾಪಸ್ ಕೊಡ್ತದೆ. ಅಷ್ಟು ಒಳ್ಳೆಯ ವ್ಯಾಂಪೈರ್ ಸೀರಿಯಲ್‌ನಲ್ಲೂ ಇಲ್ಲ."

ಮೂರನೆಯ ಸೀಸನ್ನಿನಲ್ಲಿ ಆ ಡಾಕ್ಟರನಿಗೆ ಬದುಕು ಸಾಕಾಗುತ್ತದೆ. ಬಿಸಿಲಿಗೆ ಹೋದರೆ ಅವನು ಉರಿದು ಹೋಗುತ್ತಾನೆ, ಅವನಿಗೆ ಹೋಗಬೇಕು. ಪ್ರತಿ ಬೆಳಗ್ಗೆ ಆ ಹುಡುಗಿ ಬಾಗಿಲಿಗೆ ಅಡ್ಡ ನಿಂತು ತಡೆಯುತ್ತಾಳೆ. ಗುಂಪು ಎರಡು ಪಾಲಾಯಿತು. ತಡೆಯಬೇಕು ಎಂದವರಲ್ಲಿ ನಾನಿದ್ದೆ. ಅಕ್ಕ ಇನ್ನೊಂದು ಕಡೆ.

"ಬಾಗಿಲು ಬಿಡ್ಲಿ ಅವಳು. ಅವನು ಕೇಳುದು ಅವಳಿಗೆ ಕೇಳ್ತಾ ಇಲ್ಲ."

"ಪ್ರೀತಿ ಇದ್ದವಳು ಹೇಗೆ ಬಿಡ್ತಾಳೆ ಅಕ್ಕ?"

ಅವರು ಡಯಾಲಿಸಿಸ್ ಕೋಣೆಯ ಗಾಜಿನ ಬಾಗಿಲಿನ ಕಡೆ ನೋಡಿದರು. ಅದು ಯಾಕೆಂದು ನನಗೆ ತಿಳಿಯಲಿಲ್ಲ.

ಒಂದು ಗುರುವಾರ ಅವರು ಮೊಬೈಲನ್ನು ಚೀಲದಿಂದ ತೆಗೆಯಲೇ ಇಲ್ಲ. "ಸೋಮವಾರದಿಂದ ನಾವು ಬರುದಿಲ್ಲ" ಎಂದರು.

"ಬೇರೆ ಕಡೆ ಪಾಳಿ ಸಿಕ್ಕಿತಾ?"

"ಎಲ್ಲಿಗೂ ಹೋಗುದಿಲ್ಲ. ಅವರಿಗೆ ಸಾಕಾಗಿದೆ. ಮೂರು ತಿಂಗಳಿಂದ ಹೇಳ್ತಾ ಇದ್ರು. ಕೇಳದ ಹಾಗೆ ಇದ್ದದ್ದು ನಾನೇ. ಡಾಕ್ಟರ ಹತ್ರವೂ ಮಾತಾಡಿ ಆಯ್ತು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅಕ್ಕ, ಅದು ಸೀರಿಯಲ್. ಇದು ಜೀವ. ಬಾಗಿಲು ಬಿಡ್ಲಿ, ಬಿಡ್ಲಿ ಅಂತ ಹೇಳಿ ಹೇಳಿ ನಿಮಗೆ ಇಲ್ಲೂ ಹಾಗೇ ಕಾಣ್ತಾ ಉಂಟಾ?"

ಬೆಂಚಿನಲ್ಲಿದ್ದ ಉಳಿದವರು ತಿರುಗಿ ನೋಡಿದರು. ಅಕ್ಕನ ಮುಖ ಏನೂ ಬದಲಾಗಲಿಲ್ಲ. ಇಯರ್‌ಫೋನನ್ನು ಸುತ್ತಿ ನನ್ನ ಮಡಿಲಲ್ಲಿಟ್ಟರು. "ನೀನೇ ಇಟ್ಟುಕೋ. ನನಗೆ ಇನ್ನು ನಾಲ್ಕು ಗಂಟೆ ಕಳೀಲಿಕ್ಕೆ ಇಲ್ಲ."

ಅವತ್ತೂ ಒಂದೇ ಬಸ್ಸಿನಲ್ಲಿ ಬಂದೆವು. ಕುಂಬ್ರದಲ್ಲಿ ಅಕ್ಕ ಯಜಮಾನರ ಕೈ ಹಿಡಿದು ಇಳಿಸಿದರು. ಯಜಮಾನರು ಕೆಳಗೆ ನಿಂತು ಎಂದಿನಂತೆ ನನ್ನ ಅತ್ತೆಗೆ ಕೈ ಬೀಸಿದರು. ಅಕ್ಕ ತಿರುಗಲಿಲ್ಲ... ಅಥವಾ ನಾನೇ ಆ ಕಡೆ ನೋಡಲಿಲ್ಲ. ಈಗ ಸರಿಯಾಗಿ ನೆನಪಾಗುವುದಿಲ್ಲ.

ಎರಡು ವಾರ ತುಂಬುವ ಮೊದಲೇ ಯಜಮಾನರು ಹೋದ ಸುದ್ದಿಯನ್ನು ನರ್ಸ್ ಹೇಳಿದರು. ಅಷ್ಟರಲ್ಲಿ ಅಕ್ಕ ಗುಂಪಿನಿಂದ ಹೊರಗೆ ಹೋಗಿದ್ದರು. ನಾನು ಅವರಿಗೆ ನಾಲ್ಕು ಸಾಲು ಟೈಪ್ ಮಾಡಿ ಅಳಿಸಿದೆ. ಆಮೇಲೆ ವಾರಕ್ಕೆ ಎರಡು ಸಲ ಕುಂಬ್ರ ದಾಟಿದೆ, ಒಮ್ಮೆಯೂ ಇಳಿಯಲಿಲ್ಲ. ಮೊದಲು ಸಿಟ್ಟು ಇತ್ತು, ಮತ್ತೆ ನಾಚಿಕೆ. ಕೊನೆಕೊನೆಗೆ ಎರಡೂ ಇರಲಿಲ್ಲ, ಬರೀ ಸುಸ್ತು. ಅತ್ತೆಯನ್ನು ಎಬ್ಬಿಸುವುದು, ಬಸ್ಸು ಹತ್ತಿಸುವುದು, ನೀರನ್ನು ಅಳೆದು ಕೊಡುವುದು, ಮತ್ತೆ ಎಬ್ಬಿಸುವುದು. ಗುಂಪಿನ ಸಂದೇಶಗಳನ್ನು ತೆರೆಯುವುದೂ ನಿಂತಿತು.

ಈ ವರ್ಷ ಒಂದು ದಿನ ಬಸ್ಸಿನಲ್ಲಿ ಅತ್ತೆ, "ಸಾಕು ಮಗಳೇ" ಎಂದರು. ನಾನು ಕಿಟಕಿಯ ಗಾಜು ಎಳೆದೆ, ಗಾಳಿಗೆ ಕೇಳಿಸದವಳ ಹಾಗೆ. ಮುಂದಿನ ವಾರ ಮತ್ತೆ ಹೇಳಿದರು. ಆ ವಾರವೇ ಚೀಲದಿಂದ ಇಯರ್‌ಫೋನ್ ಬಿದ್ದದ್ದು.

ಮರುದಿನ ಒಬ್ಬಳೇ ಹೋಗಿ ಕುಂಬ್ರದಲ್ಲಿ ಇಳಿದೆ. ಅಂಗಡಿಯವರೊಬ್ಬರು ಮನೆ ತೋರಿಸಿದರು. ಬಾಗಿಲು ತೆರೆದದ್ದು ಅಕ್ಕನ ಮಗಳು.

"ಅಮ್ಮ ಇಲ್ಲ. ಮಳೆಗಾಲದಲ್ಲಿ ತೀರಿಕೊಂಡ್ರು. ಹಾರ್ಟ್." ನನ್ನನ್ನು ಕೂರಿಸಿ ನೀರು ಕೊಟ್ಟು ಕೇಳಿದಳು, "ನೀವು ಮರ್ಕಂಜದವರಾ? ಅಮ್ಮ ಹೇಳ್ತಿದ್ರು."

"ಬೈತಿದ್ರಾ?"

"ಇಲ್ಲಪ್ಪ. 'ಅವಳು ಹೇಳಿದ್ದರಲ್ಲಿ ತಪ್ಪಿಲ್ಲ, ಅವಳಿಗೆ ಆಗ ಇನ್ನೂ ಆಯಾಸ ಶುರುವಾಗಿರ್ಲಿಲ್ಲ' ಅಂತ ಹೇಳ್ತಿದ್ರು."

ಕ್ಷಮೆ ಕೇಳಲು ಹೋದವಳು ನಾನು. ಅದನ್ನು ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ. ಆ ನೀರನ್ನು ಪೂರ್ತಿ ಕುಡಿದು ಎದ್ದು ಬಂದೆ...

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಗೋಡೆಗೆ ಒರಗಿದ್ದರು. ಕಾಲು ಊದಿತ್ತು. ಅವರ ಪಕ್ಕದಲ್ಲಿ ಕೂತೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತನ್ನು ಕೇಳಿದೆ: "ಅತ್ತೆ, ಸೋಮವಾರ ಹೋಗುದಾ, ಬೇಡವಾ?"

ಅವರು ನನ್ನ ಮುಖವನ್ನೇ ನೋಡಿದರು. ನಾನು ಬೇರೆಡೆ ನೋಡಲಿಲ್ಲ.

"ಈ ಸೋಮವಾರ ಹೋಗುವ" ಎಂದರು. "ಮುಂದಿನದ್ದು ಮತ್ತೆ ಕೇಳು."