ಒಂದೇ ಜಾಗದಲ್ಲಿ ನಿಲ್ಲುವ ಸ್ಟೂಲು

ತಿಕೋಟಾದ ನಮ್ಮ ಮನೆಯ ಹಳೆಯ ಫರಸಿ ಕಲ್ಲು ಕಿತ್ತು ಹಾಕಿಸಿದ ಹೊಸ ಟೈಲ್ಸ್ ಮೇಲೆ ಇವತ್ತು ನನ್ನ ಹಳೆಯ ಬೇವಿನ ಸ್ಟೂಲು ಟಕಟಕ ಕುಂಟಿತು.

ಪಕ್ಕದ ಮನೆಯ ಬಡಗಿ ಹುಸೇನಸಾಬ ಕಾಕಾ ನನಗೆ ಗರಗಸ ಹಿಡಿಯಲು ಕಲಿಸಿದ್ದರು. ಹುಡುಗಿಗೇಕೆ ಇದೆಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ. ನಾನೊಬ್ಬಳೇ ಮಾಡಿದ ಮೊದಲ ಸ್ಟೂಲು ಅದು. ಅವ್ವನ ಒಲೆಯ ಪಕ್ಕ ಇಟ್ಟರೆ ಅಲುಗಾಡಿತು. ಕಾಲುಗಳನ್ನು ಒಂದೊಂದಾಗಿ ಕೊಯ್ದು ಕೊಯ್ದು ಕೊನೆಗೂ ನಿಲ್ಲಿಸಿ, ಹೆಮ್ಮೆಯಿಂದ ಕಾಕಾರನ್ನು ಕರೆತಂದೆ.

ಅವರು ಸ್ಟೂಲು ಬಿಟ್ಟು ನೆಲ ಸವರಿ ನೋಡಿದರು. "ಕಾಲು ನೆಟ್ಟಗ ಇದ್ವು ಬೇ. ನಿಮ್ಮ ಫರಸೀನೇ ತೆಗ್ಗ ಬಿದ್ದೈತಿ. ಇನ್ನ ಇದು ಈ ಜಾಗಾ ಬಿಟ್ಟು ಎಲ್ಲೀನೂ ಕೂಡೂದಿಲ್ಲ."

ಅವ್ವ ರೊಟ್ಟಿ ಬಡಿಯುತ್ತಲೇ ಅಂದಳು, "ಇಲ್ಲೇ ಇರಲಿ ಬಿಡ್ರಿ. ನಾನರೆ ಎಲ್ಲಿ ಹೋಗಾಕಿ ಅದೀನಿ."

ಟೈಲ್ಸ್ ಹಾಕಿದವನು ಕಾಲು ಸಮ ಮಾಡಿಕೊಡಲೇ ಎಂದ. ಬೇಡವೆಂದೆ. ಅವ್ವ ಕೂತ ನೆಲ ಈಗ ಉಳಿದಿರುವುದು ಆ ನಾಲ್ಕು ಕಾಲುಗಳಲ್ಲಿ ಮಾತ್ರ.